ಎಸ್ಕಿ ಪ್ರಯೋಗಾಲಯದಲ್ಲಿ ನನ್ನ ಸೇವಾವಧಿ

ಇದನ್ನು ಓದಿ ನೀವು ನಂಬುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಹದಿನಾರನೇ ವಯಸ್ಸಿಗೆ ನಾನು ಸೇವೆಯಿಂದ ನಿವೃತ್ತಳಾಗಿದ್ದೇನೆ. ಮೂರು ಊರು, ಮೂರು ಲಾಂಡ್ರಿ ಕೋಣೆ, ಒಬ್ಬರೇ ಮೇಲಧಿಕಾರಿ. ಪಿಂಚಣಿ ಇಲ್ಲ, ಬೀಳ್ಕೊಡುಗೆ ಇಲ್ಲ, ಯಾರೂ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡಲಿಲ್ಲ. ಬಡ್ತಿಗಳ ವಿಷಯ ಬರೆಯುವುದಿಲ್ಲ, ಯಾಕೆಂದರೆ ಒಂದೂ ಸಿಗಲಿಲ್ಲ. ಸೇರಿದಾಗಲೂ ಅಸಿಸ್ಟೆಂಟ್, ಬಿಟ್ಟಾಗಲೂ ಅಸಿಸ್ಟೆಂಟ್.

ಇದು ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗಾಗಿ. ಎಲ್ಲೋ ಒಂದು ಮನೆಯಲ್ಲಿ ಅಪ್ಪನೋ ಅಮ್ಮನೋ ಖಾಲಿ ಜಾಮ್ ಬಾಟಲಿ ಹಿಡಿದುಕೊಂಡು, "ಬಾ ಇಲ್ಲಿ, ಒಂದು ತೋರಿಸ್ತೀನಿ" ಎಂದು ನಿಮ್ಮನ್ನು ಕರೆಯುತ್ತಾರೆ. ಅವತ್ತೇ ನಿಮ್ಮ ನೇಮಕಾತಿ ಆಯಿತು ಎಂದು ತಿಳಿದುಕೊಳ್ಳಿ. ರಸಾಯನಶಾಸ್ತ್ರವನ್ನು ಪುಸ್ತಕ ಬಿಟ್ಟು ಕೈಯಿಂದ ಕಲಿಯುವುದು ಹೇಗಿರುತ್ತದೆ ಎಂದು ನಿಮಗೆ ಯಾರೂ ಹೇಳಿರುವುದಿಲ್ಲ. ನಾನು ಹೇಳುತ್ತೇನೆ.

ಈಗ ನಾನು ಅಡಿಲೇಡಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿ ಪಕ್ಕ ಕೂತಿದ್ದೇನೆ. ಹೊರಗೆ ರಸ್ತೆ ಅಂಚಿನಲ್ಲಿ ಒಂದು ನೀಲಿ ಎಸ್ಕಿ ಇದೆ. ಎಸ್ಕಿ ಅಂದರೆ ಇಲ್ಲಿಯವರು ಬೀಚಿಗೆ ಐಸು, ಬಿಯರು ತುಂಬಿಕೊಂಡು ಹೋಗುವ ಡಬ್ಬ. ನಮ್ಮದು ಐಸಿನ ಮುಖ ನೋಡಿದ್ದೇ ಇಲ್ಲ. ಅದರಲ್ಲಿ ನಮ್ಮ ಇಡೀ ಪ್ರಯೋಗಾಲಯ ಇದೆ: ಜಾಮ್ ಬಾಟಲಿಗಳು, ಅಡುಗೆ ಸೋಡ, ಬಟ್ಟೆ ಸೋಡ, ಅರಿಶಿನ, ಕಾಫಿ ಸೋಸುವ ಕಾಗದ, ಸೂಜಿ ಇಲ್ಲದ ಸಿರಿಂಜುಗಳು, ಹಳೇ ಕಾಲುಚೀಲದಲ್ಲಿ ಸುತ್ತಿಟ್ಟ ಒಂದು ಪಟಿಕದ ಹರಳು. ಎಸ್ಕಿಯ ಅಕ್ಕಪಕ್ಕ ಬೀದಿಯವರೆಲ್ಲ ಎಸೆದ ಮುರಿದ ಕುರ್ಚಿಗಳು, ಒಂದು ಹಾಸಿಗೆ, ಮಗುವನ್ನು ತಳ್ಳಿಕೊಂಡು ಹೋಗುವ, ಚಕ್ರ ಇಲ್ಲದ ಒಂದು ಪ್ರ್ಯಾಮ್. ನಾಳೆ ಬೆಳಿಗ್ಗೆ ಕೌನ್ಸಿಲಿನ ಕಸದ ಗಾಡಿ ಬಂದು ಎಲ್ಲವನ್ನೂ ಒಯ್ಯುತ್ತದೆ.

ನನ್ನ ಅಮ್ಮ ಡಾಕ್ಟರು. ಬೆಳಿಗ್ಗೆ ಆಸ್ಪತ್ರೆಗೆ ಹೊರಡುವಾಗ ಕಾರಿನ ಕೀ ಹುಡುಕುತ್ತಾ ಹೇಳಿದರು, "ಸಿಂಚು, ಆ ಎಸ್ಕಿ ಇವತ್ತು ಆಚೆ ಹೋಗ್ಬೇಕು. ನಾಳೆ ತಪ್ಪಿದ್ರೆ ಇನ್ನೊಂದ್ ವರ್ಷ ಅದರ ಮೇಲೆ ಎಡವ್ಕೊಂಡು ಓಡಾಡ್ಬೇಕು. ನೀವಿಬ್ರೂ ಅದನ್ನ ಮುಟ್ಟಿ ಎಷ್ಟ್ ದಿನ ಆಯ್ತು ಹೇಳು?"

ಅಮ್ಮನ ಕಾರು ಹೊರಟಿತು. ಎಸ್ಕಿಯನ್ನು ಎಳೆದುಕೊಂಡು ಹೋಗಿ ರಸ್ತೆ ಅಂಚಿನಲ್ಲಿ ಇಟ್ಟೆ. ಆದರೆ ಎಲ್ಲಿ ಇಟ್ಟೆ ಎನ್ನುವುದರಲ್ಲಿ ನನ್ನ ತಲೆ ಇದೆ. ಹಾಸಿಗೆಯ ಹಿಂದೆ ಇಡಬಹುದಿತ್ತು. ನಮ್ಮ ಗೇಟಿನ ಪಕ್ಕದಲ್ಲೇ, ಟ್ಯಾಕ್ಸಿ ನಿಲ್ಲುವ ಜಾಗಕ್ಕೆ ಎದುರಾಗಿ ಇಟ್ಟೆ. ಇವತ್ತು ಮಧ್ಯಾಹ್ನದ ಮೇಲೆ ಅಪ್ಪ ಗಣಿಯಿಂದ ಮನೆಗೆ ಬರುತ್ತಾರೆ. ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಎತ್ತಿಕೊಂಡು ಒಳಗೆ ತಂದರೆ ಪ್ರಯೋಗಾಲಯ ಇನ್ನೂ ಇದೆ. ದಾಟಿಕೊಂಡು ಬಂದರೆ ಇಲ್ಲ. ಇದು ನನ್ನ ಕೊನೆಯ ಪ್ರಯೋಗ. ಫಲಿತಾಂಶ ಬರುವ ತನಕ ಬರೆಯುತ್ತಾ ಇರುತ್ತೇನೆ.

ನೇಮಕಾತಿಯಿಂದ ಶುರು ಮಾಡಬೇಕು. ಅದು ಪರ್ತ್‌ನ ಬೆಂಟ್ಲಿಯಲ್ಲಿ. ನಾವು ಮೈಸೂರಿನಿಂದ ಬಂದು ಹೆಚ್ಚು ದಿನ ಆಗಿರಲಿಲ್ಲ. ಅಮ್ಮನಿಗೆ ಆಸ್ಪತ್ರೆ ಇತ್ತು, ನನಗೆ ಸ್ಕೂಲ್ ಇತ್ತು, ಅಪ್ಪನಿಗೆ ಮನೆ ಇತ್ತು. ಮೈಸೂರಿನಲ್ಲಿ ಅವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಇಲ್ಲಿ ಅವರ ಸರ್ಟಿಫಿಕೇಟುಗಳನ್ನು ನೋಡಿದವರೆಲ್ಲ ಬಹಳ ಮರ್ಯಾದೆಯಿಂದ, ಬಹಳ ನಗುನಗುತ್ತಾ, ಇನ್ನೂ ಏನೇನೋ ಓದಿಕೊಂಡು ಬನ್ನಿ ಎಂದು ಹೇಳಿ ಕಳಿಸುತ್ತಿದ್ದರು. ಅಪ್ಪ ನಮ್ಮ ಬೀದಿಯಲ್ಲಿ ನಡೆಯಲು ಶುರು ಮಾಡಿದರು. ಎಷ್ಟು ನಡೆದರು ಅಂದರೆ ಫುಟ್‌ಪಾತು ಸವೆದು ಕೌನ್ಸಿಲಿನವರು ರಿಪೇರಿಗೆ ಬಂದರು. ಸರಿ, ಕೌನ್ಸಿಲಿನವರು ಬಂದದ್ದು ಪೈಪಿಗೆ. ಆದರೆ ಬಂದದ್ದು ನಿಜ.

ಒಂದು ದಿನ ನಾನು ಬಿಳೀ ಸ್ಕೂಲ್ ಶರ್ಟಿನ ಮೇಲೆ ಸಾರು ಚೆಲ್ಲಿಕೊಂಡೆ. ಅಪ್ಪ ಅದನ್ನು ಲಾಂಡ್ರಿಗೆ, ಅಂದರೆ ಮನೆಯೊಳಗೇ ಬಟ್ಟೆ ಒಗೆಯುವ ಕೋಣೆಗೆ ಒಯ್ದು ಹಳದಿ ಕಲೆಯ ಮೇಲೆ ಬಟ್ಟೆ ಸೋಪು ಉಜ್ಜಿದರು. ಕಲೆ ಹೋಗಲಿಲ್ಲ. ಕೆಂಪಗಾಯಿತು. ನಾನು ರಕ್ತ ಎಂದು ಕಿರುಚಿದೆ. ನನ್ನ ಕಿರುಚಾಟಕ್ಕೆ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಯೂನಿವರ್ಸಿಟಿ ಹುಡುಗರೆಲ್ಲ ಬೇಲಿ ಹತ್ತಿ ನೋಡಿದರು.

ಅಪ್ಪ ನಕ್ಕರು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನ್ ಕಾಣ್ತು?" ಎಂದರು.

"ರಕ್ತ. ಒಂದು ಬಕೆಟ್."

"ಬಕೆಟ್ ಎಲ್ಲಿದೆ? ಕಂಡಷ್ಟೇ ಹೇಳು."

ನಾನು ಮತ್ತೆ ನೋಡಿದೆ. "ಹಳದಿ ಇತ್ತು. ಸೋಪು ಹಾಕಿದ್ ಕಡೆ ಮಾತ್ರ ಕೆಂಪಾಯ್ತು."

"ಹಾಂ. ಈಗ ಇದರ ಮೇಲೆ ನಿಂಬೆಹಣ್ಣು ಹಿಂಡಿದ್ರೆ?"

ಹಿಂಡಿದೆವು. ಕೆಂಪು ಓಡಿಹೋಗಿ ಹಳದಿ ವಾಪಸ್ ಬಂತು. ಸೋಪು ಹಚ್ಚಿದೆವು, ಕೆಂಪು. ನಿಂಬೆ, ಹಳದಿ. ಶರ್ಟು ಸತ್ತುಹೋಗುವ ತನಕ ಇದನ್ನೇ ಮಾಡಿದೆವು. ಆಸಿಡ್ ಯಾವುದು, ಅದಕ್ಕೆ ಎದುರಾದ ಬೇಸ್ ಯಾವುದು ಎಂದು ನನಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಸಾರಿನ ಅರಿಶಿನವೇ ಹೇಳಿತು. ಸಂಜೆ ಅಮ್ಮ ಬಂದು ಶರ್ಟು ನೋಡಿ, "ಇದಕ್ಕೇನಾಯ್ತು?" ಎಂದರು. ಅಪ್ಪ, "ಅಪಾಯಿಂಟ್‌ಮೆಂಟ್ ಆರ್ಡರ್" ಎಂದರು.

ಪ್ರಯೋಗಾಲಯದ ನಿಯಮಗಳನ್ನು ಅವರು ಆ ವಾರವೇ ಮಾಡಿದರು. ಮೊದಲನೆಯದು, ಕನ್ನಡಕ ಹಾಕದೆ ಒಳಗೆ ಕಾಲಿಡುವ ಹಾಗಿಲ್ಲ. ಲ್ಯಾಬ್ ಕನ್ನಡಕ ಇರಲಿಲ್ಲ, ಆದ್ದರಿಂದ ನನ್ನ ಗುಲಾಬಿ ಬಣ್ಣದ ಈಜುವ ಕನ್ನಡಕ. ಅಪ್ಪನಿಗೂ ಒಂದು ಇತ್ತು, ಹಸಿರು, ಮಕ್ಕಳ ಸೈಜು, ಸೇಲಿನಲ್ಲಿ ತಂದದ್ದು. ಅದನ್ನು ಹಾಕಿಕೊಂಡರೆ ಅವರು ಥೇಟ್ ಕಪ್ಪೆ. ಎರಡನೆಯದು, ಏನನ್ನೂ ನೆಕ್ಕಬಾರದು. ಮೂರನೆಯದು, ಲಾಂಡ್ರಿಯ ಬಾಗಿಲು ದಾಟಿದರೆ ಕನ್ನಡವೇ. ಹೊರಗೆ ನಾನು ಇಂಗ್ಲಿಷಿನಲ್ಲಿ ಏನು ಬೇಕಾದರೂ ಒದರಬಹುದಿತ್ತು. ನಾಲ್ಕನೆಯದು ನನಗೆ ಬಹಳ ಇಷ್ಟವಾದದ್ದು. ಒಳಗೆ ಅಪ್ಪ ಮಗಳು ಯಾರೂ ಇಲ್ಲ. ನಾನು ಅವರನ್ನು "ಸರ್" ಎನ್ನಬೇಕು. ಅವರು ನನ್ನನ್ನು "ಏನ್ರೀ ಅಸಿಸ್ಟೆಂಟ್" ಎಂದು ಕರೆಯುತ್ತಿದ್ದರು. ಮೈಸೂರಿನ ಪ್ರಾಕ್ಟಿಕಲ್ ರೂಮಿನಲ್ಲಿ ಅವರು ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಮರ್ಯಾದೆ ಅಷ್ಟೂ ನನಗೆ ಸಿಕ್ಕಿತು. ಹೋಂವರ್ಕ್ ಮಾಡಲಿಲ್ಲ ಎಂದು ಅಡುಗೆಮನೆಯಲ್ಲಿ "ಬುದ್ಧಿ ಇದ್ಯಾ ನಿನಗೆ" ಎಂದು ಬೈಸಿಕೊಂಡವಳು, ಎರಡು ಹೆಜ್ಜೆ ನಡೆದು ಲಾಂಡ್ರಿಗೆ ಹೋದರೆ, "ಬನ್ನಿ, ಕೂತ್ಕೊಳ್ಳಿ" ಅನ್ನಿಸಿಕೊಳ್ಳುತ್ತಿದ್ದೆ.

(ಕಿಟಕಿಯ ಸಮಾಚಾರ: ಒಂದು ಯೂಟ್, ಹಿಂದೆ ತೆರೆದ ತೊಟ್ಟಿಯ ಗಾಡಿ, ನಿಂತಿದೆ. ಇಲ್ಲಿ ಜನ ಎಸೆದ ಸಾಮಾನು ಹೆಕ್ಕಲು ಬರುತ್ತಾರೆ. ಟೋಪಿಯವನೊಬ್ಬ ಇಳಿದು ಕುರ್ಚಿಗಳನ್ನು ಅಲ್ಲಾಡಿಸಿ ನೋಡುತ್ತಿದ್ದಾನೆ. ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.)

(ಎಸ್ಕಿಯ ಮುಚ್ಚಳ ತೆಗೆದ. ಒಂದು ಬಾಟಲಿ ಎತ್ತಿ ಬಿಸಿಲಿಗೆ ಹಿಡಿದ. ಮೇಲೆ ಕನ್ನಡದಲ್ಲಿ "ಬಟ್ಟೆ ಸೋಡ" ಎಂದು ಬರೆದಿದೆ, ಅವನಿಗೆ ಏನು ತಿಳಿಯಬೇಕು. ವಾಪಸ್ ಇಟ್ಟ. ಕುರ್ಚಿ ತೆಗೆದುಕೊಂಡು ಹೋದ. ಬರೆಯುತ್ತೇನೆ.)

ಕೆಲಸದ ವಿಧಾನಗಳು ಬದಲಾದ ಬಗ್ಗೆ ಹೇಳಬೇಕು. ದೊಡ್ಡ ಪ್ರಯೋಗಾಲಯಗಳಲ್ಲಿ ದ್ರಾವಣವನ್ನು ಹನಿ ಹನಿಯಾಗಿ ಬಿಡಲು ಗಾಜಿನ ಉದ್ದ ಕೊಳವೆ ಇರುತ್ತದೆ, ಬ್ಯೂರೆಟ್ ಎಂದು. ನಮ್ಮಲ್ಲಿ ಮಕ್ಕಳಿಗೆ ಔಷಧಿ ಕುಡಿಸುವ ಸಿರಿಂಜು ಇತ್ತು. ಸ್ಟ್ಯಾಂಡಿಗೆ ಬದಲು ಬಟ್ಟೆ ಒಣಗಿಸುವ ಸ್ಟ್ಯಾಂಡು, ಹಿಡಿಕೆಗೆ ಬದಲು ಬಟ್ಟೆ ಕ್ಲಿಪ್ಪು. ನಮ್ಮ ಮುಖ್ಯ ಕಸುಬು ವಿನೆಗರ್ ಎಷ್ಟು ಹುಳಿ ಎಂದು ಅಳೆಯುವುದು. ವಿನೆಗರಿಗೆ ಚಿಟಿಕೆ ಅರಿಶಿನ ಹಾಕಿ, ಬಟ್ಟೆ ಸೋಡದ ನೀರನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡುವುದು. ಹುಳಿ ಮುಗಿಯುವ ತನಕ ಹಳದಿ ಹಳದಿಯಾಗಿಯೇ ಇರುತ್ತದೆ. ಮುಗಿದ ಮೇಲಿನ ಒಂದು ಹನಿಗೆ ಕೆಂಪು ಮೂಡಿ ನಿಲ್ಲುತ್ತದೆ.

ನನಗೆ ತಾಳ್ಮೆ ಇರಲಿಲ್ಲ. ಕೊನೆ ಹತ್ತಿರ ಬಂದಾಗಲೇ ಸಿರಿಂಜನ್ನು ಒತ್ತಿಬಿಡುತ್ತಿದ್ದೆ. ಬಾಟಲಿ ಪೂರ್ತಿ ಕೆಂಪು. ಲೆಕ್ಕ ಹಾಳು.

"ಏನ್ರೀ ಅಸಿಸ್ಟೆಂಟ್, ಬಸ್ ಹಿಡೀಬೇಕಿತ್ತಾ?"

"ಸರ್, ಹೇಗಿದ್ರೂ ಕೆಂಪಾಗತ್ತಲ್ಲ?"

"ಆಗತ್ತೆ. ಯಾವಾಗ ಆಯ್ತು ಅನ್ನೋದೇ ನಮ್ಗೆ ಬೇಕಾಗಿರೋದು. ಕೊನೇ ಹನೀಗೆ ಕಾಯಕ್ಕಾಗ್ದೇ ಇದ್ರೆ ಈ ಕೆಲ್ಸ ಬೇಡ ನಿಮಗೆ. ಬ್ಯಾಂಕಿಗೆ ಸೇರ್ಕೊಳ್ಳಿ."

ಹೊಸಬರೇ, ಆ ಒಂದು ಹನಿಗೆ ಕಾಯುವಾಗ ಲಾಂಡ್ರಿಯಲ್ಲಿ ಎಷ್ಟು ಮೌನ ಇರುತ್ತಿತ್ತು ಎಂದು ನಿಮಗೆ ಹೇಗೆ ಹೇಳಲಿ. ವಾಷಿಂಗ್ ಮೆಷೀನು ಕೂಡ ಉಸಿರು ಬಿಗಿಹಿಡಿಯುತ್ತಿತ್ತು. ಇಬ್ಬರ ತಲೆಯೂ ಒಂದೇ ಬಾಟಲಿಯ ಮೇಲೆ, ಗುಲಾಬಿ ಕನ್ನಡಕ, ಹಸಿರು ಕನ್ನಡಕ. ಈಗ ನಮ್ಮ ಸ್ಕೂಲಿನಲ್ಲಿ ನಿಜವಾದ ಬ್ಯೂರೆಟ್ ಇದೆ. ಗಾಜು ಪಳಪಳ ಹೊಳೆಯುತ್ತದೆ. ಅಲ್ಲಿ ನನ್ನ ಪಕ್ಕದವನು ಕೊನೆಯ ಹನಿ ಬೀಳುವಾಗ ಫೋನ್ ನೋಡುತ್ತಿರುತ್ತಾನೆ.

ಅಮ್ಮನ ಕೆಲಸ ಬ್ರಿಸ್ಬೇನ್‌ಗೆ ಹೋಯಿತು. ನಾವೂ ಹೋದೆವು. ಫಾರೆಸ್ಟ್ ಲೇಕ್‌ನಲ್ಲಿ ಮನೆ. ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು, ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿನ ಒಂದು ಅಂಗಡಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುವುದು. ಅವರು ಜೋಡಿಸಿದ ವಿನೆಗರ್ ಬಾಟಲಿಗಳನ್ನು ನಾನು ನೋಡಿದ್ದೇನೆ. ಕಡಿಮೆ ಹುಳಿಯಿಂದ ಹೆಚ್ಚು ಹುಳಿಗೆ, ಸಾಲಾಗಿ. ಅವರ ಮ್ಯಾನೇಜರ್ ಪ್ರತಿ ಸಲ ಅದನ್ನು ಬ್ರ್ಯಾಂಡ್ ಪ್ರಕಾರ ಬದಲಾಯಿಸುತ್ತಿದ್ದಳಂತೆ. ಅಪ್ಪ ಮತ್ತೆ ಹುಳಿಯ ಪ್ರಕಾರ ಇಡುತ್ತಿದ್ದರಂತೆ. ಇದು ನಾವು ಆ ಊರು ಬಿಡುವ ತನಕ ನಡೆಯಿತು.

ನನ್ನ ಸೇವೆಯ ಅತ್ಯಂತ ದೊಡ್ಡ ಎಡವಟ್ಟು ಫಾರೆಸ್ಟ್ ಲೇಕ್‌ನಲ್ಲಿ ಆಯಿತು. ಅಮ್ಮನ ಜೊತೆ ಕೆಲಸ ಮಾಡುವ ಶೈಲಜಾ ಆಂಟಿ ಹೊಸ ಮನೆ ಕಟ್ಟಿಸಿದ್ದರು. ಗೃಹಪ್ರವೇಶ. ಬಾಗಿಲಲ್ಲಿ ಎತ್ತಲು ಕೆಂಪಾರತಿ ಬೇಕು, ಅದಕ್ಕೆ ಅರಿಶಿನದ ಜೊತೆ ಸುಣ್ಣ ಬೇಕು, ಬ್ರಿಸ್ಬೇನ್‌ನಲ್ಲಿ ವೀಳ್ಯದೆಲೆಯೇ ಕಷ್ಟ, ಸುಣ್ಣ ಎಲ್ಲಿಂದ ಬರಬೇಕು. ಆಂಟಿ ಕೆಂಪು ಫುಡ್ ಕಲರ್ ಹಾಕಿಬಿಡೋಣ ಎಂದಿದ್ದರು. ಅಪ್ಪನಿಗೆ ಅದನ್ನು ಕೇಳಿ ಮೈಯೆಲ್ಲ ಉರಿಯಿತು.

"ಸುಣ್ಣ ಬೇಸ್ ಕಣ್ರೀ. ಬಟ್ಟೆ ಸೋಡಾನೂ ಬೇಸೇ. ನಮ್ಮ ಅಸಿಸ್ಟೆಂಟ್ ಮಾಡ್ಕೊಂಡು ಬರ್ತಾರೆ, ಬಿಡಿ" ಎಂದು ಫೋನಿನಲ್ಲಿ ಹೇಳಿದರು.

ಸಾರ್ವಜನಿಕವಾಗಿ ನನ್ನ ಮೊದಲ ಸ್ವತಂತ್ರ ಜವಾಬ್ದಾರಿ. ದೊಡ್ಡ ಜಗ್ಗಿನಲ್ಲಿ ಕೆಂಪು ನೀರು ತಯಾರಿಸಿ ಒಯ್ದೆ. ಎಂಥ ಕೆಂಪು ಅಂದರೆ ನೋಡಿದವರ ಕನ್ನಡಕದ ಗಾಜೂ ಕೆಂಪಾಗುತ್ತಿತ್ತು. ಬಾಗಿಲಲ್ಲಿ ಆಂಟಿ, ಅಂಕಲ್ ನಿಂತಿದ್ದಾರೆ, ಹೆಂಗಸರು ಹಾಡು ಶುರು ಮಾಡಿದ್ದಾರೆ, ತಟ್ಟೆ ಕೊಡಿ ಎಂದು ಯಾರೋ ಅವಸರ ಮಾಡಿದರು. ನಾನು ಅಡುಗೆಮನೆಗೆ ಓಡಿ ಅಂಚು ಎತ್ತರ ಇದ್ದ ಒಂದು ಹಿತ್ತಾಳೆ ತಟ್ಟೆ ತಂದು ಜಗ್ಗಿನಿಂದ ಸುರಿದೆ. ಆ ತಟ್ಟೆಯಲ್ಲಿ ಆಗಷ್ಟೇ ಐವತ್ತು ಜನರ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿದ್ದರು. ತಳದಲ್ಲಿ ರಸ ಇನ್ನೂ ನಿಂತಿತ್ತು.

ಬುಸ್ ಎಂದಿತು. ನೊರೆ ಎದ್ದಿತು. ಕೆಂಪು ನೀರು ಎಲ್ಲರ ಕಣ್ಣೆದುರು ಹಳದಿಯಾಗಿ, ಉಕ್ಕಿ, ತಟ್ಟೆಯ ಅಂಚು ದಾಟಿ ಶೈಲಜಾ ಆಂಟಿಯ ರೇಷ್ಮೆ ಸೀರೆಯ ಮೇಲೆ ಇಳಿಯಿತು. ಹಾಡು ಅರ್ಧಕ್ಕೆ ನಿಂತಿತು.

"ಇದೇನೇ ಇದು, ಆರತಿ ಉಕ್ತಾ ಇದೆ" ಎಂದರು ಆಂಟಿ. ಧ್ವನಿ ಅಳುವ ಹಾಗಿತ್ತು.

ಆಂಟಿಯ ತಾಯಿ, ಬೆಂಗಳೂರಿನಿಂದ ಬಂದಿದ್ದ ಅಜ್ಜಿ, ಮುಂದೆ ಬಂದು ತಟ್ಟೆಯೊಳಗೆ ಬಗ್ಗಿ ನೋಡಿದರು. "ಸುಮ್ನಿರೇ ಶೈಲಾ. ಈ ಮನೆ ಮೇಲೆ ಎಷ್ಟ್ ಜನರ ಕಣ್ಣು ಬಿದ್ದಿತ್ತು ನೋಡು. ಎಲ್ಲಾ ಬುಸುಬುಸು ಅಂತ ಆಚೆ ಬರ್ತಾ ಇದೆ."

ಅಪ್ಪ ಜೇಬಿನಿಂದ ಸೋಡದ ಪೊಟ್ಟಣ ತೆಗೆದರು. ಬೇರೆ ಅಪ್ಪಂದಿರ ಜೇಬಿನಲ್ಲಿ ಬೇರೆ ಏನೋ ಇರುತ್ತದೆ, ಇವರ ಜೇಬಿನಲ್ಲಿ ಬಟ್ಟೆ ಸೋಡ. "ಇನ್ನೂ ಸ್ವಲ್ಪ ಇದೆ ಅಜ್ಜಿ, ಪೂರ್ತಿ ತೆಗೆದ್ಬಿಡೋಣ" ಎಂದು ಸುರಿದರು. ಇನ್ನೊಮ್ಮೆ ನೊರೆ ಬಂತು, ಇಳಿಯಿತು, ನೀರು ಕೆಂಪಾಗಿ ನಿಂತಿತು. ಅಜ್ಜಿ ಕೈ ಮುಗಿದರು. ಅಲ್ಲಿಂದ ಮುಂದೆ ಬ್ರಿಸ್ಬೇನ್‌ನ ಕನ್ನಡದವರ ಮನೆಗಳಲ್ಲಿ ಏನೇ ಇದ್ದರೂ ನೊರೆ ಬರುವ ಆರತಿಯೇ ಬೇಕು ಎಂದು ಫೋನು ಬರತೊಡಗಿತು. ಅಪ್ಪನ ಹೆಸರು ಆರತಿ ಅಂಕಲ್ ಎಂದಾಯಿತು.

ಅವತ್ತು ಊಟದ ಸಾಲಿನಲ್ಲಿ ಒಬ್ಬ ಡಾಕ್ಟರ್ ಅಂಕಲ್ ಅಪ್ಪನನ್ನು ಕೇಳಿದರು, "ತಾವೇನ್ ಮಾಡ್ಕೊಂಡಿದೀರಾ ಸರ್ ಇಲ್ಲಿ?"

"ಅಂಗಡೀಲಿ ಸಾಮಾನು ಜೋಡಿಸ್ತೀನಿ."

"ಓ. ನೈಸ್, ನೈಸ್" ಎಂದು ಅವರು ಪಾಯಸದ ಕಡೆ ತಿರುಗಿದರು.

ವಾಪಸ್ ಬರುವಾಗ ಅಪ್ಪ ಕಾರು ಓಡಿಸುತ್ತಿದ್ದರು. ಕೆರೆ ಬಳಸಿಕೊಂಡು ನಮ್ಮ ಬೀದಿಗೆ ತಿರುಗುವಾಗ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನ್ರೀ ಅಸಿಸ್ಟೆಂಟ್, ಏನ್ ಕಾಣ್ತು ಇವತ್ತು?" ಎಂದರು. ಲಾಂಡ್ರಿಯ ಹೊರಗೆ ಅವರು ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ.

"ನೊರೆ ಸೀಲಿಂಗ್ ತನಕ ಹೋಯ್ತು ಸರ್."

"ಕಂಡಷ್ಟೇ."

"ತಟ್ಟೆ ಅಂಚು ದಾಟ್ತು. ತಟ್ಟೆ ತೊಳ್ದಿರ್ಲಿಲ್ಲ. ನಾನ್ ನೋಡ್ಲಿಲ್ಲ."

"ಸರಿ" ಎಂದರು. ಅಷ್ಟೇ. ಮನೆಗೆ ಬಂದು ಸೂಟು ಬಿಚ್ಚದೇ ಹಸಿರು ಕನ್ನಡಕ ಹಾಕಿಕೊಂಡು ಲಾಂಡ್ರಿಗೆ ನಡೆದರು. ನಾನೂ ಹಿಂದೆ ಹೋದೆ. ನಿಂಬೆರಸ, ಸೋಡ, ನೊರೆಯ ಗಾಳಿಯನ್ನು ಬಲೂನಿನಲ್ಲಿ ಹಿಡಿಯುವುದು ಹೇಗೆ ಎಂದು ತೋರಿಸಿದರು. ಬಲೂನು ಉಬ್ಬುತ್ತಾ ಹೋದ ಹಾಗೆ ಅವರ ಮುಖವೂ ಸರಿಯಾಗುತ್ತಾ ಬಂತು.

ಪಟಿಕದ ಹರಳೂ ಬ್ರಿಸ್ಬೇನ್‌ನದೇ. ಇಂಡಿಯನ್ ಸ್ಟೋರಿನಿಂದ ಪಟಿಕ ತಂದು ಬಿಸಿನೀರಿನಲ್ಲಿ ಇನ್ನು ಕರಗುವುದಿಲ್ಲ ಎನ್ನುವಷ್ಟು ಕರಗಿಸಿ, ತಣಿಸಿ, ದಾರಕ್ಕೆ ಒಂದು ಚೂರು ಹರಳು ಕಟ್ಟಿ ಇಳಿಬಿಟ್ಟರೆ ಅದು ದಿನಕ್ಕಿಷ್ಟು ಬೆಳೆಯುತ್ತದೆ. ಅಲ್ಲಾಡಿಸಬಾರದು, ಅಷ್ಟೇ. ನಮ್ಮದು ಗೋಲಿಯಷ್ಟಾಗಿತ್ತು. ಒಂದು ದಿನ ಬ್ರಿಸ್ಬೇನ್‌ನ ಬಿಸಿಲಿಗೆ ಲಾಂಡ್ರಿ ಒಲೆಯಾಯಿತು, ನೀರು ಬಿಸಿಯಾಗಿ ಹರಳನ್ನು ಮತ್ತೆ ಕುಡಿದುಬಿಟ್ಟಿತು. ದಾರ ಬರಿದಾಗಿತ್ತು. ನಾನು ಅತ್ತೆ. ಅಪ್ಪ, "ಎಲ್ಲೂ ಹೋಗಿಲ್ಲ ಕಣ್ರೀ. ನೀರಲ್ಲೇ ಇದೆ. ತಣ್ಣಗಾಗ್ಲಿ, ಬರತ್ತೆ" ಎಂದರು. ಬಂತು ಕೂಡ. ಎರಡನೇ ಸಲ ಇನ್ನೂ ದೊಡ್ಡದಾಗಿ, ಮೂಲೆಗಳೆಲ್ಲ ಚೂಪಾಗಿ. ಕಾಲುಚೀಲದಲ್ಲಿರುವುದು ಅದೇ.

ಆಮೇಲೆ ಅಡಿಲೇಡ್. ಕಾರಿನಲ್ಲೇ ಬಂದೆವು. ದಾರಿಯಲ್ಲಿ ಒಂದು ಕಡೆ ಹಣ್ಣು ತರಕಾರಿ ರಾಜ್ಯದ ಒಳಗೆ ಬಿಡುವುದಿಲ್ಲ ಎಂದು ಗಾಡಿ ನಿಲ್ಲಿಸಿ ನೋಡುತ್ತಾರೆ, ಹಣ್ಣಿನ ನೊಣದ ಭಯಕ್ಕೆ. ಅಲ್ಲಿಯ ಆಫೀಸರ್ ಹಣ್ಣು ಏನಾದರೂ ಇದೆಯಾ ಎಂದು ಕೇಳಿದಳು. ಎಸ್ಕಿಯಲ್ಲಿ ನಿಂಬೆಹಣ್ಣು ಇತ್ತು. ಅಪ್ಪ ಬಾಯಿ ಬಿಡುವ ಮೊದಲೇ ನಾನು ಹಿಂದಿನ ಸೀಟಿನಿಂದ, ಅದು ಹಣ್ಣಲ್ಲ, ನಮ್ಮ ಆಸಿಡ್ ಎಂದು ವಿವರಿಸಿದೆ.

ಆಮೇಲೆ ಎಲ್ಲರೂ ಕೆಳಗಿಳಿಯಬೇಕಾಯಿತು. ಎಸ್ಕಿ ತೆರೆದರು. ಹೆಸರಿಲ್ಲದ ಬಾಟಲಿಗಳಲ್ಲ, ಹೆಸರಿತ್ತು, ಆದರೆ ಕನ್ನಡದಲ್ಲಿ. ಬಿಳೀ ಪುಡಿ, ಇನ್ನೊಂದು ಬಿಳೀ ಪುಡಿ, ಮತ್ತೊಂದು ಬಿಳೀ ಪುಡಿ, ಅದರ ಪಕ್ಕ ಸಿರಿಂಜುಗಳು. ಅಮ್ಮ ಕಣ್ಣು ಮುಚ್ಚಿಕೊಂಡರು. ಅಪ್ಪ ಗಾಬರಿಯಾಗಲಿಲ್ಲ. ಆಫೀಸರ್ ಎದುರು ಕಾರಿನ ಬಾನೆಟ್ ಮೇಲೆ ಜಾಮ್ ಬಾಟಲಿ ಇಟ್ಟು, ಅರಿಶಿನ, ಸೋಡ, ಅವಳೇ ಕಿತ್ತುಕೊಂಡಿದ್ದ ನಿಂಬೆಹಣ್ಣು, ಎಲ್ಲ ತೋರಿಸಿದರು. ಹಿಂದೆ ಕಾರುಗಳು ಸಿಡ್ನಿಯ ತನಕ ಸಾಲು ನಿಂತವು. ಆಯಿತು, ನಾಲ್ಕು ಕಾರು. ಆಫೀಸರ್ ಬಣ್ಣ ಬದಲಾದದ್ದನ್ನು ನೋಡಿ ನಕ್ಕಳು, ನಿಂಬೆಹಣ್ಣು ಕಸಕ್ಕೆ ಹಾಕಿದಳು, ಎಸ್ಕಿ ವಾಪಸ್ ಕೊಟ್ಟಳು. ಅಮ್ಮ ಕಾರಿನ ಬಾಗಿಲನ್ನು ಧಡಾರನೆ ಹಾಕಿಕೊಂಡರು. ಎಸ್ಕಿಯ ಮೇಲೆ ಅವರ ಕೋಪ ಶುರುವಾದದ್ದು ಅಲ್ಲಿಂದ. ಅಪ್ಪ ಮಾತ್ರ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಗಾಡಿ ಓಡಿಸಿದರು. ಎಷ್ಟೋ ವರ್ಷದ ಮೇಲೆ ಅವರಿಗೆ ದೊಡ್ಡ ವಿದ್ಯಾರ್ಥಿಯೊಬ್ಬಳು ಸಿಕ್ಕಿದ್ದಳು.

ಇನ್ನು ಉಳಿದದ್ದು ಸ್ವಲ್ಪ. ಅಡಿಲೇಡಿಗೆ ಬಂದ ಮೇಲೆ ಅಪ್ಪನಿಗೆ ಕೆಲಸ ಸಿಕ್ಕಿತು. ನಿಜವಾದ ಕೆಲಸ. ವೆಸ್ಟರ್ನ್ ಆಸ್ಟ್ರೇಲಿಯಾದ ಒಳಗೆ, ಕೆಂಪು ಮಣ್ಣಿನ ನಡುವೆ ಒಂದು ಗಣಿ, ಆ ಗಣಿಯಲ್ಲಿ ಪ್ರಯೋಗಾಲಯ. ಬಂಡೆಯ ಪುಡಿಯಲ್ಲಿ ಲೋಹ ಎಷ್ಟಿದೆ ಎಂದು ಅಳೆಯುವುದು. ಕೆಲವು ವಾರ ಅಲ್ಲಿ, ಕೆಲವು ದಿನ ಇಲ್ಲಿ. ಫೋನ್ ಬಂದ ದಿನ ಅವರು ಅಮ್ಮನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ನಾನೂ ಕುಣಿದೆ. ಬ್ಯೂರೆಟ್ ಇದೆಯಾ ಅಲ್ಲಿ ಎಂದು ಕೇಳಿದೆ. "ಬ್ಯೂರೆಟ್ ಏನು, ಎಲ್ಲಾ ಮೆಷೀನೇ ಮಾಡತ್ತೆ ಪುಟ್ಟಾ" ಎಂದರು.

ಅವರು ಮೊದಲ ಸಲ ವಾಪಸ್ ಬಂದಾಗ ಕಿತ್ತಳೆ ಬಣ್ಣದ, ಮಿರುಗುವ ಪಟ್ಟಿಯ ಶರ್ಟಿನಲ್ಲಿ ಬಂದರು. ಎರಡು ವಿಮಾನ ಹಿಡಿದು, ಪರ್ತ್‌ನಲ್ಲಿ ಕಾದು, ಬಂದವರೇ ಪರದೆ ಎಳೆದು ಮಲಗಿದರು. ನಾನು ಲಾಂಡ್ರಿ ಸಜ್ಜು ಮಾಡಿ ಕಾದೆ. ಎದ್ದು ಬಂದಾಗ ವಿನೆಗರ್ ವಾಸನೆಗೆ ಮುಖ ತಿರುಗಿಸಿ, "ಇವತ್ ಬೇಡ ಪುಟ್ಟಾ, ಅಲ್ಲಿ ಇದೇ ಆಯ್ತು" ಎಂದರು. ಎರಡನೇ ಸಲವೂ ಹಾಗೇ. ಮೂರನೇ ಸಲ ನಾನು ಸಜ್ಜು ಮಾಡಲಿಲ್ಲ.

ಒಂದು ಸಾಯಂಕಾಲ ವಿಡಿಯೋ ಕಾಲ್‌ನಲ್ಲಿ ಪ್ರಯತ್ನಿಸಿದೆ. ಕೆಂಪು ಎಲೆಕೋಸಿನ ರಸ ಮಾಡಿಕೊಂಡು, ಕನ್ನಡಕ ಹಾಕಿಕೊಂಡು, ಫೋನನ್ನು ವಾಷಿಂಗ್ ಮೆಷೀನಿನ ಮೇಲೆ ಒರಗಿಸಿಟ್ಟೆ. ನೇರಳೆ ರಸಕ್ಕೆ ವಿನೆಗರ್ ಬಿಟ್ಟರೆ ಗುಲಾಬಿ, ಸೋಡ ಬಿಟ್ಟರೆ ಹಸಿರು. ಅಪ್ಪ ಕ್ಯಾಂಪಿನ ಊಟದ ಹಾಲಿನಲ್ಲಿದ್ದರು, ಹಿಂದೆ ಗದ್ದಲ. ಸರಿಯಾಗಿ ಬಣ್ಣ ಬದಲಾಗುವಾಗ ನೆಟ್‌ವರ್ಕ್ ನಿಂತು ಅವರ ಮುಖ ಅರ್ಧ ಆಕಳಿಕೆಯಲ್ಲಿ ಹೆಪ್ಪುಗಟ್ಟಿತು. ವಾಪಸ್ ಬಂದಾಗ ಬಾಟಲಿ ಹಸಿರಾಗಿತ್ತು.

"ಚೆನ್ನಾಗಿದೆ ಪುಟ್ಟಾ" ಎಂದರು.

ಅಷ್ಟು ವರ್ಷದ ಸೇವೆಯಲ್ಲಿ ಅವರು ನನಗೆ ಚೆನ್ನಾಗಿದೆ ಎಂದು ಹೇಳಿದ್ದೇ ಇಲ್ಲ. ಏನ್ ಕಾಣ್ತು ಎಂದು ಕೇಳುತ್ತಿದ್ದರು. ಅವತ್ತು ಕೇಳಲಿಲ್ಲ. ಕೇಳಿದ್ದರೆ ಬಾಟಲಿಯಿಂದ ಕಾಮನಬಿಲ್ಲು ಎದ್ದು ಮಾಡು ದಾಟಿತು ಎಂದು ಹೇಳಲು ಸಿದ್ಧವಾಗಿದ್ದೆ, ಅವರು ಕಂಡಷ್ಟೇ ಹೇಳಿ ಎನ್ನಲಿ ಎಂದು. ಫೋನ್ ಇಟ್ಟು, ಬಾಟಲಿಗಳನ್ನು ತೊಳೆದು, ಎಸ್ಕಿಗೆ ಹಾಕಿ ಮುಚ್ಚಳ ಮುಚ್ಚಿದೆ. ಅದೇ ನನ್ನ ನಿವೃತ್ತಿ. ಅವರ ಮೇಲೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ. ಊಟದ ಸಾಲಿನಲ್ಲಿ ಯಾರಾದರೂ ಕೇಳಿದರೆ ಈಗ ಅವರಿಗೆ ಹೇಳಿಕೊಳ್ಳಲು ಒಂದು ಕೆಲಸ ಇದೆ. ಅದನ್ನು ಅವರು ಹೇಳುವಾಗ ಅವರ ಬೆನ್ನು ನೆಟ್ಟಗಾಗುವುದನ್ನು ನಾನು ನೋಡಿದ್ದೇನೆ. ನನಗೆ ಅವರ ಕೆಲಸ ಹೋಗುವುದು ಬೇಡ. ನನಗೆ ನನ್ನ ಕೆಲಸ ಬೇಕು, ಅಷ್ಟೇ.

ಆಗಿನಿಂದ ಮನೆಯಲ್ಲಿ ನಾನು ಕನ್ನಡ ಮಾತಾಡಿದ್ದೂ ಕಡಿಮೆ. ಅಮ್ಮ ಕನ್ನಡದಲ್ಲಿ ಕೇಳುತ್ತಾರೆ, ನಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಇದನ್ನು ಕನ್ನಡದಲ್ಲಿ ಬರೆಯಲು ಕನ್ನಡಕ ಬೇಕಾಯಿತು. ಎಸ್ಕಿ ಹೊರಗಿಡುವ ಮೊದಲು ನನ್ನದೊಂದನ್ನು ತೆಗೆದಿಟ್ಟುಕೊಂಡೆ, ಅಪ್ಪನದು ಅದರಲ್ಲೇ ಇದೆ. ಗುಲಾಬಿ ಬಣ್ಣದ್ದು, ಪಟ್ಟಿ ಈಗ ಬಿಗಿ. ಹಾಕಿಕೊಂಡೇ ಬರೆಯುತ್ತಿದ್ದೇನೆ. ಮಾತು ಬರುತ್ತಿದೆ.

ಟ್ಯಾಕ್ಸಿ ಬಂತು.

ಅಪ್ಪ ಇಳಿದರು. ಕಿತ್ತಳೆ ಶರ್ಟು, ಭುಜಕ್ಕೆ ಚೀಲ. ಡ್ರೈವರ್‌ಗೆ ಏನೋ ಹೇಳಿದರು. ಟ್ಯಾಕ್ಸಿ ಹೋಯಿತು. ಎಸ್ಕಿ ಅವರ ಮೊಣಕಾಲಿನ ಪಕ್ಕದಲ್ಲೇ ಇದೆ. ಫೋನ್ ತೆಗೆದು ನೋಡಿದರು. ಜೇಬಿಗೆ ಹಾಕಿದರು. ಗೇಟು ತೆಗೆದು ಒಳಗೆ ಬಂದರು.

ದಾಟಿಕೊಂಡು ಬಂದರು.

ಬೀಗ ತೆಗೆದ ಸದ್ದು. ಶೂ ಬಿಚ್ಚಿದ ಸದ್ದು. ಅವರ ಕೋಣೆಯ ಬಾಗಿಲು. ಪರದೆ ಎಳೆದ ಸದ್ದು.

ಹೊಸಬರೇ, ಫಲಿತಾಂಶ ಬಂದಿದೆ. ನಾನು ಇದನ್ನು ಉದ್ದ ಮಾಡುವುದಿಲ್ಲ. ನಿಮ್ಮ ಮೇಲಧಿಕಾರಿ ನಿಮ್ಮನ್ನು "ಏನ್ ಕಾಣ್ತು" ಎಂದು ಕೇಳುವಷ್ಟು ದಿನವೂ ಬೇಗ 

ಮೇಲಿನ ಸಾಲು ಅರ್ಧಕ್ಕೆ ನಿಂತಿದೆ, ಯಾಕೆಂದರೆ ಮುಂಬಾಗಿಲು ಮತ್ತೆ ತೆರೆದುಕೊಂಡಿತು. ನಾನು ಕಿಟಕಿಯಿಂದ ನೋಡಿದೆ. ಕಂಡಷ್ಟೇ ಬರೆಯುತ್ತೇನೆ. ಅಪ್ಪ ಬರಿಗಾಲಿನಲ್ಲಿ ರಸ್ತೆಗೆ ಹೋದರು. ಎಸ್ಕಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮುಚ್ಚಳ ತೆಗೆದರು. ಕಾಲುಚೀಲ ಬಿಚ್ಚಿ ಹರಳನ್ನು ಅಂಗೈಯಲ್ಲಿ ಇಟ್ಟುಕೊಂಡರು. ಬಹಳ ಹೊತ್ತು ಹಾಗೇ ಕೂತಿದ್ದರು. ಆಮೇಲೆ ಒಳಗೆ ಏನನ್ನೋ ಹುಡುಕಿದರು, ಬಾಟಲಿಗಳನ್ನು ಸರಿಸಿ, ತಳದ ತನಕ. ಸಿಗಲಿಲ್ಲ. ಎಸ್ಕಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

ಈಗ ಈ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. ಎಸ್ಕಿ ಕೆಳಗಿಟ್ಟಿದ್ದಾರೆ. ಹಣೆಯ ಮೇಲೆ ಹಸಿರು ಕನ್ನಡಕ ಏರಿಸಿಕೊಂಡಿದ್ದಾರೆ.

"ಏನ್ರೀ ಅಸಿಸ್ಟೆಂಟ್, ಇದನ್ನ ಯಾರು ಹೊರಗಿಟ್ಟಿದ್ದು?"

"ನಾನು ಸರ್."

"ಒಂದು ಕನ್ನಡಕ ಕಮ್ಮಿ ಇದೆ."

ನಾನು ಕುರ್ಚಿ ತಿರುಗಿಸಿ ಮುಖ ತೋರಿಸಿದೆ. ಅವರು ಹತ್ತಿರ ಬಂದು ಬಗ್ಗಿ ನೋಡಿದರು.

"ಒಳಗೆ ಏನ್ರೀ ಅದು?"

"ಮಂಜು ಸರ್."

"ಕಂಡಷ್ಟೇ ಹೇಳಿ."

"ನೀರು ಸರ್."

"ಒರೆಸ್ಕೊಂಡು ಬನ್ನಿ" ಎಂದು ಅವರು ಎಸ್ಕಿ ಎತ್ತಿಕೊಂಡು ಲಾಂಡ್ರಿಯ ಕಡೆ ಹೋದರು. ನಿವೃತ್ತರು ಮಾತ್ರ ಇಂಥದ್ದನ್ನು ಬರೆಯಬಹುದು, ನನಗೆ ಡ್ಯೂಟಿ ಇದೆ.